ಮೊಳಕಾಲ್ಮೂರಿನ ಶಾಸಕ ಎಸ್. ನಿಜಲಿಂಗಪ್ಪ: ಆರೋಗ್ಯ, ಶಿಕ್ಷಣ ಮತ್ತು ಕಾನೂನು ರಚನೆಯ ಹಾದಿ

ಕರ್ನಾಟಕ ಏಕೀಕರಣದ ಪ್ರಮುಖ ಶಿಲ್ಪಿ, ವಿಶಾಲ ಮೈಸೂರು ರಾಜ್ಯದ ಮೊದಲ ಮುಖ್ಯಮಂತ್ರಿ ಶ್ರೀ ಎಸ್. ನಿಜಲಿಂಗಪ್ಪನವರ ಹೆಸರು ನಾಡಿನ ಎಲ್ಲರಿಗೂ ಪರಿಚಿತ. ಏಕೀಕರಣದ ನಂತರ ನಡೆದ 1957ರ ಚುನಾವಣೆಯಲ್ಲಿ ಅವರನ್ನು ವಿಧಾನಸಭೆಗೆ ಕಳುಹಿಸಿದ್ದು ಚಿತ್ರದುರ್ಗ ಜಿಲ್ಲೆಯ ಗಡಿಯಲ್ಲಿರುವ ಬರದ ಸೀಮೆ ಮೊಳಕಾಲ್ಮೂರು ಎಂಬುದು ಮಾತ್ರ ಅಷ್ಟಾಗಿ ನೆನಪಿನಲ್ಲಿ ಉಳಿದಿಲ್ಲ. ಸಂವಿಧಾನ ಸಭೆ, ಲೋಕಸಭೆ, ವಿಧಾನಸಭೆ ಈ ಮೂರೂ ಸದನಗಳಲ್ಲಿ ಕುಳಿತ ಕೆಲವೇ ಕನ್ನಡಿಗರಲ್ಲಿ ಅವರೂ ಒಬ್ಬರು. ಆರೋಗ್ಯ, ಶಿಕ್ಷಣ ಮತ್ತು ಕಾನೂನು ರಚನೆಯ ವಿಷಯದಲ್ಲಿ ಅವರ ಸಾರ್ವಜನಿಕ ಜೀವನ ಹೇಗೆ ಸಾಗಿತು, ಎಲ್ಲಿ ಗೆದ್ದಿತು, ಎಲ್ಲಿ ಕಠಿಣ ಪರೀಕ್ಷೆಗೆ ಒಳಗಾಯಿತು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ನಿಜಲಿಂಗಪ್ಪನವರು ಹುಟ್ಟಿನಿಂದ ಲಿಂಗಾಯತರು, ಬಸವಾದಿ ಶರಣರ ವಚನಗಳನ್ನು ಓದಿ ಬೆಳೆದವರು. ಆದರೂ ಮದ್ಯಪಾನ ನಿಷೇಧ, ಪ್ರಾಣಿಬಲಿ ನಿಷೇಧ, ಜಾನುವಾರು ಸಂರಕ್ಷಣೆ ಮುಂತಾಗಿ ನಮ್ಮ ಸಮಾಜ ಹಿಂದಿನಿಂದಲೂ ಕಾಳಜಿಯಿಂದ ನೋಡುತ್ತ ಬಂದ ಪ್ರಶ್ನೆಗಳು ರಾಜ್ಯದ ಕಾನೂನಿನ ಮಟ್ಟಕ್ಕೆ ಬಂದದ್ದು ಅವರು ಸದನದಲ್ಲಿದ್ದ ಕಾಲದಲ್ಲಿಯೇ. ಆದ್ದರಿಂದ ಅವರ ಜೀವನ ನಮ್ಮ ಓದುಗರಿಗೂ ತಿಳಿದಿರಬೇಕಾದದ್ದು.

ಜನನ, ಬಾಲ್ಯ ಮತ್ತು ವಿದ್ಯಾಭ್ಯಾಸ

ನಿಜಲಿಂಗಪ್ಪನವರು 1902ರ ಡಿಸೆಂಬರ್ 10ರಂದು ಹರಪನಹಳ್ಳಿ ತಾಲ್ಲೂಕಿನ ಹಲುವಾಗಲು ಗ್ರಾಮದಲ್ಲಿ ಜನಿಸಿದರು. ಆಗ ಆ ಊರು ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ತಂದೆ ಸಣ್ಣ ವ್ಯಾಪಾರಿ. ಮಗನಿಗೆ ಐದು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ಹಿಂದಿನ ತಲೆಮಾರಿನ ಸಿರಿತನ ಅದಾಗಲೇ ಕರಗಿತ್ತು. ತಾಯಿಯ ತವರಿನ ಆಸರೆಯಲ್ಲಿ ಕುಟುಂಬ ಬದುಕು ಸಾಗಿಸಿತು.

ದಾವಣಗೆರೆಯಲ್ಲಿ ಹಳೆಯ ಕ್ರಮದ ಅಯ್ಯಗಳಿಂದ ಅಕ್ಷರ ಕಲಿತು, ಚಿತ್ರದುರ್ಗದಲ್ಲಿ ಪ್ರೌಢಶಾಲೆ ಓದಿದರು. 1924ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಿಂದ ಪದವಿ, 1926ರಲ್ಲಿ ಪುಣೆಯಲ್ಲಿ ಕಾನೂನು ಪದವಿ ಪಡೆದರು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ 1924ರಲ್ಲಿ ಬೆಳಗಾವಿಯಲ್ಲಿ ನಡೆದಾಗ ಅವರು ವಿದ್ಯಾರ್ಥಿ. ಆ ಕಾಲದ ಗಾಳಿ ಅವರನ್ನೂ ತಟ್ಟಿತು. ಓದು ಮುಗಿಸಿ ಬಂದು ಚಿತ್ರದುರ್ಗದಲ್ಲಿ ವಕೀಲಿ ಆರಂಭಿಸಿದರು.

ಹುಟ್ಟಿದ್ದು ಮದರಾಸು ಪ್ರಾಂತ್ಯದಲ್ಲಿ, ಓದಿದ್ದು ಮೈಸೂರು ಸಂಸ್ಥಾನದಲ್ಲಿ, ಕಾನೂನು ಕಲಿತದ್ದು ಮುಂಬಯಿ ಪ್ರಾಂತ್ಯದಲ್ಲಿ. ಕನ್ನಡ ಮಾತನಾಡುವ ಜನ ಎಷ್ಟು ಆಡಳಿತಗಳಲ್ಲಿ ಹಂಚಿಹೋಗಿದ್ದಾರೆ ಎಂಬುದನ್ನು ಅವರು ಪುಸ್ತಕ ಓದಿ ತಿಳಿಯಬೇಕಾಗಿರಲಿಲ್ಲ, ಅವರ ಬದುಕೇ ಅದನ್ನು ತೋರಿಸಿಕೊಟ್ಟಿತ್ತು.

ತುರುವನೂರಿನ ಸತ್ಯಾಗ್ರಹ

1936ರ ನಂತರ ಅವರು ಕಾಂಗ್ರೆಸ್ಸಿನಲ್ಲಿ ಪೂರ್ಣವಾಗಿ ತೊಡಗಿಕೊಂಡರು. 1939ರಲ್ಲಿ ಚಿತ್ರದುರ್ಗ ತಾಲ್ಲೂಕಿನ ತುರುವನೂರಿನಲ್ಲಿ ನಡೆದ ಅರಣ್ಯ ಸತ್ಯಾಗ್ರಹ ಆ ಜಿಲ್ಲೆಯ ಸ್ವಾತಂತ್ರ್ಯ ಹೋರಾಟದ ದೊಡ್ಡ ಘಟನೆ. ಹೆಂಡ ಇಳಿಸುವ ಈಚಲು ಮರಗಳನ್ನು ಸತ್ಯಾಗ್ರಹಿಗಳು ಕಡಿದು ಕಾನೂನು ಭಂಗ ಮಾಡಿದರು. ಅದರ ಮುಂದಾಳತ್ವ ವಹಿಸಿದ ನಿಜಲಿಂಗಪ್ಪನವರು ಬಂಧನಕ್ಕೆ ಒಳಗಾಗಿ ಸೆರೆಮನೆ ಸೇರಿದರು.

ಈ ಹೋರಾಟದಲ್ಲಿ ಎರಡು ವಿಷಯಗಳು ಸೇರಿಕೊಂಡಿದ್ದವು. ಹೆಂಡದ ಗುತ್ತಿಗೆಯಿಂದ ಬರುವ ಅಬಕಾರಿ ಹಣ ಅಂದಿನ ಸರ್ಕಾರದ ಬೊಕ್ಕಸಕ್ಕೆ ದೊಡ್ಡ ಆದಾಯ. ಮರ ಕಡಿಯುವುದೆಂದರೆ ಆ ಆದಾಯಕ್ಕೆ ಕೊಡಲಿ ಹಾಕಿದಂತೆ. ಇನ್ನೊಂದು ಕಡೆ, ಕೂಲಿಯ ಹಣ ಹೆಂಡದಂಗಡಿಗೆ ಹೋಗಿ ಮನೆಯ ಮಕ್ಕಳು ಉಪವಾಸ ಬೀಳುವ ಹಳ್ಳಿಗಳಿಗೆ ಅದು ಆರೋಗ್ಯದ ಪ್ರಶ್ನೆ. ಈ ಎರಡು ಪ್ರಶ್ನೆಗಳು ಮುಂದೆ ಇಪ್ಪತ್ತೆಂಟು ವರ್ಷಗಳ ನಂತರ, ಅವರೇ ಮುಖ್ಯಮಂತ್ರಿಯಾಗಿದ್ದಾಗ, ಮತ್ತೆ ಎದುರು ಬಂದು ನಿಂತವು.

ಸಂವಿಧಾನ ಸಭೆಯಿಂದ ಲೋಕಸಭೆಗೆ

ಸ್ವಾತಂತ್ರ್ಯದ ಹೊತ್ತಿಗೆ ನಿಜಲಿಂಗಪ್ಪನವರು ಕರ್ನಾಟಕ ಪ್ರದೇಶ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದರು. ಭಾರತದ ಸಂವಿಧಾನ ಸಭೆಗೆ ಅವರು ಮುಂಬಯಿ ಪ್ರಾಂತ್ಯದ ಪರವಾಗಿ ಸದಸ್ಯರಾದರು. ಕನ್ನಡ ನಾಡು ಒಂದಾಗಬೇಕೆಂಬ ಬೇಡಿಕೆಯನ್ನು ಸಭೆಯ ಒಳಗೂ ಹೊರಗೂ ಮುಂದಿಟ್ಟವರಲ್ಲಿ ಅವರು ಪ್ರಮುಖರು. 1948ರಲ್ಲಿ ನೇಮಕವಾದ ದಾರ್ ಆಯೋಗ ಭಾಷಾವಾರು ಪ್ರಾಂತ್ಯಗಳನ್ನು ಒಪ್ಪಲಿಲ್ಲ. ನೆಹರು, ಪಟೇಲ್ ಮತ್ತು ಪಟ್ಟಾಭಿ ಸೀತಾರಾಮಯ್ಯ ಅವರ ಸಮಿತಿಯೂ ಕಾಯುವಂತೆಯೇ ಹೇಳಿತು. ಪಕ್ಷದ ಹಿರಿಯರೇ ಹಿಂಜರಿದಾಗ ಪಕ್ಷದೊಳಗಿದ್ದುಕೊಂಡೇ ಬೇಡಿಕೆಯನ್ನು ಜೀವಂತವಾಗಿಡುವುದು ಸುಲಭದ ಕೆಲಸವಾಗಿರಲಿಲ್ಲ.

ಅವರು ಕುಳಿತಿದ್ದ ಆ ಸಂವಿಧಾನ ಸಭೆ ರೂಪಿಸಿದ ರಾಜ್ಯನೀತಿಯ ನಿರ್ದೇಶಕ ತತ್ವಗಳಲ್ಲಿ ನಾಲ್ಕನ್ನು ಇಲ್ಲಿ ನೆನಪಿಡಬೇಕು. 40ನೇ ವಿಧಿ ಗ್ರಾಮ ಪಂಚಾಯಿತಿಗಳನ್ನು ಕಟ್ಟಲು ಹೇಳುತ್ತದೆ. 45ನೇ ವಿಧಿ ಅಂದಿನ ರೂಪದಲ್ಲಿ, ಹತ್ತು ವರ್ಷದೊಳಗೆ 14 ವರ್ಷದವರೆಗಿನ ಎಲ್ಲ ಮಕ್ಕಳಿಗೂ ಉಚಿತ ಮತ್ತು ಕಡ್ಡಾಯ ಶಿಕ್ಷಣ ನೀಡಲು ಪ್ರಯತ್ನಿಸಬೇಕೆಂದಿತ್ತು. 47ನೇ ವಿಧಿ ಜನರ ಪೌಷ್ಟಿಕತೆ, ಸಾರ್ವಜನಿಕ ಆರೋಗ್ಯದ ಸುಧಾರಣೆ ಮತ್ತು ಪಾನನಿಷೇಧವನ್ನು ಸರ್ಕಾರದ ಕರ್ತವ್ಯವೆಂದು ಸೂಚಿಸುತ್ತದೆ. 48ನೇ ವಿಧಿ ಗೋವು ಮತ್ತು ಕರುಗಳ ರಕ್ಷಣೆಯ ಬಗ್ಗೆ ಹೇಳುತ್ತದೆ.

ಈ ತತ್ವಗಳನ್ನು ನ್ಯಾಯಾಲಯದ ಮೂಲಕ ಬಲವಂತವಾಗಿ ಜಾರಿ ಮಾಡಿಸಲು ಬರುವುದಿಲ್ಲ, ಶಾಸನಸಭೆಗಳೇ ಕಾನೂನು ಮಾಡಬೇಕು. ಸಾರ್ವಜನಿಕ ಆರೋಗ್ಯ, ಮದ್ಯದ ನಿಯಂತ್ರಣ, ಜಾನುವಾರು ಸಂರಕ್ಷಣೆ ಸಂವಿಧಾನದ ರಾಜ್ಯಪಟ್ಟಿಯಲ್ಲಿವೆ. ಶಿಕ್ಷಣವೂ 1976ರ 42ನೇ ತಿದ್ದುಪಡಿಯವರೆಗೆ ರಾಜ್ಯಪಟ್ಟಿಯಲ್ಲಿಯೇ ಇತ್ತು. ಹೀಗಾಗಿ ಅಂದಿನ ಹಳ್ಳಿಯ ಶಾಲೆ, ಆಸ್ಪತ್ರೆ, ಹೆಂಡದಂಗಡಿ ಎಲ್ಲದರ ಹಣೆಬರಹ ತೀರ್ಮಾನವಾಗುತ್ತಿದ್ದುದು ಬಹುಮಟ್ಟಿಗೆ ರಾಜ್ಯದ ವಿಧಾನಮಂಡಲದಲ್ಲಿ.

1952ರ ಮೊದಲ ಮಹಾಚುನಾವಣೆಯಲ್ಲಿ ನಿಜಲಿಂಗಪ್ಪನವರು ಚಿತ್ರದುರ್ಗದಿಂದ ಲೋಕಸಭೆಗೆ ಆಯ್ಕೆಯಾದರು. ಅದೇ ಲೋಕಸಭೆಯ ಅವಧಿಯಲ್ಲಿ 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ, ಹಿಂದೂ ವಿವಾಹ ಮತ್ತು ಉತ್ತರಾಧಿಕಾರ ಕಾಯ್ದೆಗಳು ಹಾಗೂ 1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆ ಅಂಗೀಕಾರವಾದವು. ಹಿಂದೂ ವಿವಾಹ ಮತ್ತು ಉತ್ತರಾಧಿಕಾರ ಕಾಯ್ದೆಗಳು ಜೈನರು, ಬೌದ್ಧರು ಮತ್ತು ಸಿಖ್ಖರಿಗೂ ಅನ್ವಯಿಸುವುದರಿಂದ ನಮ್ಮ ಮನೆಗಳ ಮದುವೆ, ಆಸ್ತಿ ಹಂಚಿಕೆಯ ನಿಯಮಗಳೂ ಆ ಲೋಕಸಭೆಯಲ್ಲಿಯೇ ರೂಪುಗೊಂಡವು ಎಂಬುದನ್ನು ಗಮನಿಸಬಹುದು.

ಚಳ್ಳಕೆರೆ, ಮೊಳಕಾಲ್ಮೂರು ಸೀಮೆ

ಹಳೆಯ ಮೈಸೂರು ಸಂಸ್ಥಾನದ ನಕ್ಷೆಯಲ್ಲಿ ಮೊಳಕಾಲ್ಮೂರು ಉತ್ತರದ ತುತ್ತತುದಿ. ಅದರ ಸುತ್ತ ಮದರಾಸು ಪ್ರಾಂತ್ಯದ ಬಳ್ಳಾರಿ ಮತ್ತು ಅನಂತಪುರ ಜಿಲ್ಲೆಗಳು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಕನ್ನಡ ತಾಲ್ಲೂಕುಗಳು ಮೈಸೂರಿಗೆ ಸೇರಿದಾಗ ಮೊಳಕಾಲ್ಮೂರಿನ ಒಂದು ಬದಿಯ ಗಡಿ ಅಳಿಸಿತು. ಪಕ್ಕದ ರಾಯದುರ್ಗ ಮಾತ್ರ ಆಂಧ್ರದಲ್ಲಿಯೇ ಉಳಿಯಿತು. ಇಂದಿಗೂ ಈ ಭಾಗದಲ್ಲಿ ಕನ್ನಡ, ತೆಲುಗು ಎರಡೂ ಮನೆಮಾತು.

ಮಳೆ ಕಡಿಮೆ ಬೀಳುವ ಈ ಎರಡು ತಾಲ್ಲೂಕುಗಳಲ್ಲಿ ಶೇಂಗಾ ಪ್ರಧಾನ ಬೆಳೆ. ಎಣ್ಣೆ ಗಿರಣಿಗಳಿಂದಾಗಿ ಚಳ್ಳಕೆರೆ ಎಣ್ಣೆ ನಗರವೆಂದೇ ಹೆಸರಾಯಿತು. ಕುರಿ ಸಾಕಣೆ, ಕಂಬಳಿ ನೇಯ್ಗೆ, ಅಮೃತಮಹಲ್ ಕಾವಲುಗಳು ಅಲ್ಲಿನ ಗುರುತು. ಮೊಳಕಾಲ್ಮೂರು ರೇಷ್ಮೆ ಸೀರೆಗೆ ಪ್ರಸಿದ್ಧ. ಮ್ಯಾಸಬೇಡ ಸಮುದಾಯದವರು ದೇವರ ಎತ್ತುಗಳೆಂದು ದನಗಳ ಹಿಂಡನ್ನು ಮೀಸಲಾಗಿಟ್ಟು, ಅವನ್ನು ನೋಡಿಕೊಳ್ಳಲು ಕಿಲಾರಿಗಳನ್ನು ನೇಮಿಸಿ, ಬರಗಾಲದಲ್ಲೂ ಮೇವು ಹೊಂದಿಸಿ ಸಾಕುವ ಸಂಪ್ರದಾಯ ಇಲ್ಲಿ ಇಂದಿಗೂ ಇದೆ.

ಇದೇ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರದಲ್ಲಿ ಸಾಮ್ರಾಟ ಅಶೋಕನ ಶಾಸನಗಳಿವೆ. ಬಿ.ಎಲ್. ರೈಸ್ ಅವರು 1892ರಲ್ಲಿ ಇವನ್ನು ಬೆಳಕಿಗೆ ತಂದರು. ತಂದೆ ತಾಯಿಯರನ್ನು ಗೌರವಿಸಬೇಕು, ಜೀವಿಗಳ ಬಗ್ಗೆ ಕರುಣೆ ಇರಬೇಕು, ಸತ್ಯ ನುಡಿಯಬೇಕು, ಶಿಷ್ಯರು ಗುರುವನ್ನು ಆದರಿಸಬೇಕು ಎಂಬುದು ಆ ಶಾಸನಗಳ ಸಾರ. ಆಳುವವನ ಆಜ್ಞೆ ಜನರ ನಡತೆಯನ್ನೂ ಜೀವಿಗಳ ರಕ್ಷಣೆಯನ್ನೂ ಕುರಿತು ಮಾತನಾಡಿದ ಹಳೆಯ ದಾಖಲೆಗಳಲ್ಲೊಂದು ಈ ಸೀಮೆಯ ಬಂಡೆಗಳ ಮೇಲೆಯೇ ಇದೆ.

ಮೊದಲ ಮುಖ್ಯಮಂತ್ರಿ, ಮೊಳಕಾಲ್ಮೂರಿನ ಶಾಸಕ

1956ರ ನವೆಂಬರ್ 1ರಂದು ಮುಂಬಯಿ, ಹೈದರಾಬಾದ್, ಮದರಾಸು, ಕೊಡಗು ಮತ್ತು ಮೈಸೂರು ಭಾಗಗಳು ಸೇರಿ ವಿಶಾಲ ಮೈಸೂರು ರಾಜ್ಯ ಉದಯವಾಯಿತು. ನಿಜಲಿಂಗಪ್ಪನವರು ಅದರ ಮೊದಲ ಮುಖ್ಯಮಂತ್ರಿಯಾದರು. ಮರುವರ್ಷದ ಚುನಾವಣೆಯಲ್ಲಿ ಮೊಳಕಾಲ್ಮೂರು ಅವರನ್ನು ವಿಧಾನಸಭೆಗೆ ಆರಿಸಿ ಕಳುಹಿಸಿತು. 208 ಸದಸ್ಯರ ಆ ಸದನಕ್ಕೆ ಎಸ್.ಆರ್. ಕಂಠಿಯವರು ಸಭಾಧ್ಯಕ್ಷರು. ಧರ್ಮಸ್ಥಳದ ಧರ್ಮಾಧಿಕಾರಿಗಳಾಗಿದ್ದ ಡಿ. ರತ್ನವರ್ಮ ಹೆಗ್ಗಡೆಯವರೂ ಬೆಳ್ತಂಗಡಿಯ ಪ್ರತಿನಿಧಿಯಾಗಿ ಅದೇ ಸದನದಲ್ಲಿದ್ದರು.

ರಾಜ್ಯ ಒಂದಾಯಿತಾದರೂ ಕಾನೂನು ಒಂದಾಗಿರಲಿಲ್ಲ. ಧಾರವಾಡಕ್ಕೆ ಮುಂಬಯಿ ಕಾಯ್ದೆ, ಗುಲಬರ್ಗಾಕ್ಕೆ ಹೈದರಾಬಾದ್ ಕಾಯ್ದೆ, ಮಂಗಳೂರಿಗೆ ಮದರಾಸು ಕಾಯ್ದೆ, ಮಡಿಕೇರಿಗೆ ಕೊಡಗಿನ ಕಾಯ್ದೆ, ಚಳ್ಳಕೆರೆಗೆ ಮೈಸೂರು ಕಾಯ್ದೆ. ತೆರಿಗೆ, ಭೂ ಕಂದಾಯ, ಸಹಕಾರ ಸಂಘ, ಪಂಚಾಯಿತಿ, ಪೊಲೀಸ್, ಅರಣ್ಯ ಎಲ್ಲಕ್ಕೂ ಐದೈದು ಪದ್ಧತಿಗಳು. ಇವನ್ನು ಒಂದೊಂದಾಗಿ ತೆಗೆದು ಇಡೀ ರಾಜ್ಯಕ್ಕೆ ಒಂದೇ ಕಾನೂನು ಮಾಡುವುದೇ ಆ ಸದನದ ಮೊದಲ ದೊಡ್ಡ ಕೆಲಸವಾಯಿತು. ಯಾವ ಪ್ರದೇಶದ ಜನರಿಗೂ ಇದ್ದ ಸೌಲಭ್ಯ ಕಳೆದುಹೋಯಿತೆಂಬ ಭಾವನೆ ಬಾರದಂತೆ ನೋಡಿಕೊಳ್ಳಬೇಕಾಗಿತ್ತು. ಏಕೀಕರಣವನ್ನು ಹಳೆಯ ಮೈಸೂರಿನ ಕೆಲವರು ವಿರೋಧಿಸಿದ್ದರು, ಉತ್ತರದ ಜಿಲ್ಲೆಗಳಲ್ಲಿ ನಿರೀಕ್ಷೆ ಬೆಟ್ಟದಷ್ಟಿತ್ತು.

ಅವರ ಮೊದಲ ಅವಧಿಯಲ್ಲಿಯೇ 1957ರ ಮಾರಾಟ ತೆರಿಗೆ ಕಾಯ್ದೆ ಮತ್ತು ಮುದ್ರಾಂಕ ಶುಲ್ಕ ಕಾಯ್ದೆಗಳು ಬಂದವು. ವ್ಯಾಪಾರಸ್ಥ ಕುಟುಂಬಗಳಿಗೆ ಇದರ ಅರ್ಥ ಸ್ಪಷ್ಟ. ಹುಬ್ಬಳ್ಳಿಯಲ್ಲೂ ಚಳ್ಳಕೆರೆಯಲ್ಲೂ ಲೆಕ್ಕ ಇಡುವ ಕ್ರಮ ಒಂದೇ ಆಯಿತು. ಅದಕ್ಕೆ ಮುನ್ನ 1956ರಲ್ಲಿ ಸಂಸತ್ತು ಅಂಗೀಕರಿಸಿದ ಕೇಂದ್ರ ಮಾರಾಟ ತೆರಿಗೆ ಕಾಯ್ದೆಯು ಎಣ್ಣೆಕಾಳುಗಳನ್ನು ಅಂತರರಾಜ್ಯ ವ್ಯಾಪಾರದಲ್ಲಿ ವಿಶೇಷ ಮಹತ್ವದ ಸರಕುಗಳ ಪಟ್ಟಿಗೆ ಸೇರಿಸಿ, ರಾಜ್ಯಗಳು ಮನಬಂದಂತೆ ತೆರಿಗೆ ಹಾಕದಂತೆ ಮಿತಿ ಹಾಕಿತ್ತು. ಆಂಧ್ರದ ಗಡಿಗೆ ಅಂಟಿಕೊಂಡ ಶೇಂಗಾ ಸೀಮೆಗೆ ಇವೆರಡೂ ನೇರವಾಗಿ ತಟ್ಟುವ ಕಾನೂನುಗಳು.

ಅಧಿಕಾರ ಹೋದರೂ ಸದನದಲ್ಲಿ

1958ರ ಮೇ ತಿಂಗಳಲ್ಲಿ ಪಕ್ಷದೊಳಗಿನ ಭಿನ್ನಮತದಿಂದ ನಿಜಲಿಂಗಪ್ಪನವರು ಮುಖ್ಯಮಂತ್ರಿ ಸ್ಥಾನ ಬಿಟ್ಟುಕೊಡಬೇಕಾಯಿತು. ಬಿ.ಡಿ. ಜತ್ತಿಯವರು ಮುಖ್ಯಮಂತ್ರಿಯಾದರು. ನಾಡನ್ನು ಒಂದುಗೂಡಿಸಲು ಶ್ರಮಿಸಿದವರು ಒಂದೂವರೆ ವರ್ಷದಲ್ಲಿ ಸಾಮಾನ್ಯ ಸದಸ್ಯರಾಗಿ ಉಳಿದರು. 1962ರವರೆಗೆ ಅವರು ಮೊಳಕಾಲ್ಮೂರಿನ ಶಾಸಕರು.

ಈ ನಾಲ್ಕು ವರ್ಷಗಳಲ್ಲಿ ಆ ಸದನದ ಮುಂದೆ ಬಂದ ಕಾನೂನುಗಳು ಹಳ್ಳಿಯ ಬದುಕನ್ನು ನೇರವಾಗಿ ತಟ್ಟಿದವು. 1959ರ ಗ್ರಾಮ ಪಂಚಾಯಿತಿ ಮತ್ತು ಸ್ಥಳೀಯ ಮಂಡಳಿಗಳ ಕಾಯ್ದೆ ಗ್ರಾಮ ಪಂಚಾಯಿತಿ, ತಾಲ್ಲೂಕು ಮಂಡಳಿ, ಜಿಲ್ಲಾ ಅಭಿವೃದ್ಧಿ ಪರಿಷತ್ತು ಎಂಬ ಮೂರು ಹಂತಗಳನ್ನು ತಂದಿತು. ಅದೇ ವರ್ಷದ ಸಹಕಾರ ಸಂಘಗಳ ಕಾಯ್ದೆ ನೇಕಾರರು ಮತ್ತು ರೈತರ ಸಂಘಗಳಿಗೆ ಚೌಕಟ್ಟು ಕೊಟ್ಟಿತು. 1961ರ ಭೂಸುಧಾರಣಾ ಕಾಯ್ದೆ ಗೇಣಿದಾರರ ಹಕ್ಕನ್ನು ಮಾನ್ಯ ಮಾಡಿತು. ಅದು ಜಾರಿಗೆ ಬಂದದ್ದು 1965ರಲ್ಲಿ, ನಿಜಲಿಂಗಪ್ಪನವರ ಎರಡನೇ ಅವಧಿಯಲ್ಲಿ.

ನಮ್ಮ ಓದುಗರು ವಿಶೇಷವಾಗಿ ಗಮನಿಸಬೇಕಾದದ್ದು 1959ರ ಪ್ರಾಣಿಬಲಿ ನಿಷೇಧ ಕಾಯ್ದೆ. ಸಾರ್ವಜನಿಕ ಪೂಜಾಸ್ಥಳಗಳಲ್ಲಿ ದೇವರ ಹೆಸರಿನಲ್ಲಿ ಪ್ರಾಣಿ ಪಕ್ಷಿಗಳನ್ನು ಬಲಿ ಕೊಡುವುದನ್ನು ಅದು ಅಪರಾಧವೆಂದು ಸಾರಿತು. 1975ರಲ್ಲಿ ಅದಕ್ಕೆ ತಿದ್ದುಪಡಿಯಾಯಿತು. ಗ್ರಾಮದೇವತೆಗಳ ಜಾತ್ರೆಗಳಲ್ಲಿ ಬಲಿಯ ಪದ್ಧತಿ ಬೇರೂರಿದ್ದ ನಾಡಿನಲ್ಲಿ ಇಂಥ ಕಾನೂನು ತರುವುದು ಮತದ ಲೆಕ್ಕದಲ್ಲಿ ಲಾಭದ ಕೆಲಸವಲ್ಲ. ಅಹಿಂಸೆಯ ಉಪದೇಶ ಮಾಡುವ ಧರ್ಮಗುರುಗಳ ಮಾತಿಗೆ ಕಾನೂನಿನ ಬೆಂಬಲ ಸಿಕ್ಕಿದ್ದು ಹೀಗೆ. ಇಂದಿಗೂ ಜಾತ್ರೆಯ ಸಮಯದಲ್ಲಿ ಜಿಲ್ಲಾಡಳಿತಗಳು ಬಲಿ ತಡೆಯಲು ಆದೇಶ ಹೊರಡಿಸುವುದು ಇದೇ ಕಾಯ್ದೆಯ ಆಧಾರದ ಮೇಲೆ.

ಶಿಕ್ಷಣ

1961ರ ಜನಗಣತಿಯ ಹೊತ್ತಿಗೆ ಮೈಸೂರು ರಾಜ್ಯದ ಸಾಕ್ಷರತೆ ಸುಮಾರು ಶೇ. 25. ಎಂದರೆ ನಾಲ್ವರಲ್ಲಿ ಮೂವರಿಗೆ ಅಕ್ಷರ ಗೊತ್ತಿರಲಿಲ್ಲ. ಸಂವಿಧಾನ ಹಾಕಿಕೊಟ್ಟ ಹತ್ತು ವರ್ಷದ ಗಡುವು ಅಷ್ಟರಲ್ಲಿ ಮುಗಿದಿತ್ತು. 1961ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯ್ದೆ ಬಂದಿತು. ಕಾನೂನು ಮಾಡಿದ ಮಾತ್ರಕ್ಕೆ ಮಗು ಶಾಲೆಗೆ ಬರುವುದಿಲ್ಲ. ಬರದ ವರ್ಷದಲ್ಲಿ ಕುರಿ ಕಾಯುವ ಹುಡುಗ, ತಮ್ಮನನ್ನು ನೋಡಿಕೊಳ್ಳುವ ಹುಡುಗಿ ಶಾಲೆಗೆ ಬರಬೇಕೆಂದರೆ ಹತ್ತಿರದಲ್ಲಿ ಕಟ್ಟಡ, ಮೇಷ್ಟ್ರು, ಮಧ್ಯಾಹ್ನಕ್ಕೆ ಊಟ ಎಲ್ಲವೂ ಬೇಕು. ಅದಕ್ಕೆ ಹಣ ಬೇಕು. ಕಾಯ್ದೆ ಜತ್ತಿಯವರ ಕಾಲದ್ದು. ಅದನ್ನು ಹಳ್ಳಿಗೆ ತಲುಪಿಸುವ ಹೊಣೆ ಬಂದದ್ದು ನಂತರದ ನಿಜಲಿಂಗಪ್ಪನವರ ಸರ್ಕಾರಕ್ಕೆ.

1962ರ ಚುನಾವಣೆಯಲ್ಲಿ ನಿಜಲಿಂಗಪ್ಪನವರು ಹೊಸದುರ್ಗದಲ್ಲಿ ಸೋತರು. ಸ್ವಂತ ಜಿಲ್ಲೆಯಲ್ಲಿಯೇ ಸೋಲು. ಕಂಠಿಯವರು ಮುಖ್ಯಮಂತ್ರಿಯಾಗಿ, ಮೂರು ತಿಂಗಳಲ್ಲಿ ಸ್ಥಾನ ಬಿಟ್ಟುಕೊಟ್ಟರು. ಬಾಗಲಕೋಟೆಯ ಉಪಚುನಾವಣೆಯ ಮೂಲಕ ನಿಜಲಿಂಗಪ್ಪನವರು ಸದನಕ್ಕೆ ಮರಳಿ, 1962ರ ಜೂನ್‌ನಲ್ಲಿ ಮತ್ತೆ ಮುಖ್ಯಮಂತ್ರಿಯಾದರು. ಕಂಠಿಯವರು ಅವರ ಸಂಪುಟದಲ್ಲಿಯೇ ಶಿಕ್ಷಣ ಸಚಿವರಾಗಿ ದುಡಿದರು. ಮುಖ್ಯಮಂತ್ರಿಯಾಗಿದ್ದವರು ಕುರ್ಚಿ ಬಿಟ್ಟು ಸಚಿವರಾಗಿ ಕೆಲಸ ಮಾಡಿದ ಈ ಉದಾಹರಣೆ ಇಂದಿನ ರಾಜಕಾರಣದಲ್ಲಿ ಅಪರೂಪ.

1963ರಲ್ಲಿ ವಿಜಾಪುರದಲ್ಲಿ ಸೈನಿಕ ಶಾಲೆ ಆರಂಭವಾಯಿತು. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯ ಮತ್ತು ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯಗಳು ಸ್ಥಾಪನೆಯಾದವು. ಒಣಭೂಮಿ ಬೇಸಾಯವನ್ನೇ ನಂಬಿದ ಚಳ್ಳಕೆರೆಯಂತಹ ತಾಲ್ಲೂಕುಗಳಿಗೆ ಕೃಷಿಯನ್ನು ಶಾಸ್ತ್ರವಾಗಿ ಕಲಿಸುವ ವಿದ್ಯಾಸಂಸ್ಥೆ ಬಹಳ ಅಗತ್ಯವಾಗಿತ್ತು. 1963ರ ರಾಜಭಾಷಾ ಕಾಯ್ದೆಯಿಂದ ಕನ್ನಡ ರಾಜ್ಯದ ಆಡಳಿತ ಭಾಷೆಯೆಂದು ಕಾನೂನಿನಲ್ಲಿ ದಾಖಲಾಯಿತು. ಓದಿದ ಮಗುವಿಗೆ ಸರ್ಕಾರದ ಕಾಗದ ತನ್ನ ಭಾಷೆಯಲ್ಲಿಯೇ ಸಿಗಬೇಕೆಂಬುದು ಏಕೀಕರಣದ ಮೂಲ ಆಶಯಗಳಲ್ಲೊಂದು.

ಆರೋಗ್ಯ

1946ರ ಭೋರ್ ಸಮಿತಿಯ ವರದಿಯ ನಂತರ ದೇಶದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಕಲ್ಪನೆ ಬೆಳೆಯಿತು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ, 1958ರಲ್ಲಿ ಮಲೇರಿಯಾ ನಿರ್ಮೂಲನ ಕಾರ್ಯಕ್ರಮ ಬಂದವು. ಕೇಂದ್ರದ ಯೋಜನೆ ಇದ್ದರೂ ಅದನ್ನು ಜಾರಿ ಮಾಡುವ ವೈದ್ಯರು, ದಾದಿಯರು ರಾಜ್ಯದಲ್ಲಿಯೇ ತಯಾರಾಗಬೇಕು. ವೈದ್ಯರ ಕೊರತೆಯೇ ಅಂದಿನ ದೊಡ್ಡ ತೊಡಕು.

ಏಕೀಕರಣದ ಮರುವರ್ಷವೇ, 1957ರಲ್ಲಿ, ಹುಬ್ಬಳ್ಳಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಪ್ರಾರಂಭವಾಯಿತು. 1961ರಲ್ಲಿ ಬಳ್ಳಾರಿಯ ಕಾಲೇಜು ಬಂದಿತು. ನಿಜಲಿಂಗಪ್ಪನವರ ಎರಡನೇ ಅವಧಿಯಲ್ಲಿ ಖಾಸಗಿ ವಿದ್ಯಾಸಂಸ್ಥೆಗಳ ಮೂಲಕ 1963ರಲ್ಲಿ ಬೆಳಗಾವಿ ಮತ್ತು ಗುಲಬರ್ಗಾದಲ್ಲಿ, 1965ರಲ್ಲಿ ದಾವಣಗೆರೆಯಲ್ಲಿ ವೈದ್ಯಕೀಯ ಕಾಲೇಜುಗಳು ತಲೆಯೆತ್ತಿದವು. ಅದುವರೆಗೆ ದೊಡ್ಡ ಕಾಯಿಲೆಗೆ ಬೆಂಗಳೂರು ಅಥವಾ ಮೈಸೂರಿನ ಹಾದಿ ಹಿಡಿಯಬೇಕಿದ್ದ ಮೊಳಕಾಲ್ಮೂರು, ಚಳ್ಳಕೆರೆಯ ಜನರಿಗೆ ಒಂದು ಕಡೆ ಬಳ್ಳಾರಿ, ಇನ್ನೊಂದು ಕಡೆ ದಾವಣಗೆರೆ ಹತ್ತಿರವಾದವು. ಮುಂದೆ ಬಾಗಲಕೋಟೆಯ ವೈದ್ಯಕೀಯ ಕಾಲೇಜಿಗೆ ಅವರದೇ ಹೆಸರಿಡಲಾಯಿತು.

ನೀರೂ ಆರೋಗ್ಯದ ಮೂಲ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರಿಂದ ಆಲಮಟ್ಟಿಯಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲು ಹಾಕಲಾಯಿತು. ಶರಾವತಿ ವಿದ್ಯುತ್ ಯೋಜನೆಯ ಲಿಂಗನಮಕ್ಕಿ ಅಣೆಕಟ್ಟು ಅದೇ ವರ್ಷ ಪೂರ್ಣಗೊಂಡಿತು. ವಿದ್ಯುತ್ ಬಂದ ಮೇಲೆಯೇ ಪಂಪ್‌ಸೆಟ್ಟು, ಗಿರಣಿ, ಆಸ್ಪತ್ರೆಯ ಶೀತಕ ಪೆಟ್ಟಿಗೆ ಎಲ್ಲವೂ. ಆದರೆ ಮೊಳಕಾಲ್ಮೂರು, ಚಳ್ಳಕೆರೆಯ ಹೊಲಗಳಿಗೆ ನದಿಯ ನೀರು ಅವರ ಕಾಲದಲ್ಲಿ ಬರಲಿಲ್ಲ. ಭದ್ರಾ ಮೇಲ್ದಂಡೆಗಾಗಿ ಆ ಸೀಮೆ ಇಂದಿಗೂ ಎದುರು ನೋಡುತ್ತಿದೆ. ತಮ್ಮನ್ನು ಆರಿಸಿದ ಸೀಮೆಗೆ ಅವರಿಂದ ತೀರದೆ ಉಳಿದ ಋಣ ಇದು ಎಂದು ಹೇಳಬಹುದು.

ಜಾನುವಾರು ಕಾಯ್ದೆ ಮತ್ತು ಪಾನನಿಷೇಧದ ಪ್ರಶ್ನೆ

1964ರಲ್ಲಿ ಗೋಹತ್ಯೆ ನಿಷೇಧ ಮತ್ತು ಜಾನುವಾರು ಸಂರಕ್ಷಣಾ ಕಾಯ್ದೆ ಬಂದಿತು. ಹಸು, ಅದರ ಕರು ಮತ್ತು ಎಮ್ಮೆಯ ಕರುವಿನ ವಧೆಯನ್ನು ಅದು ನಿಷೇಧಿಸಿತು. ಎತ್ತು, ಕೋಣ ಮುಂತಾದ ಇತರ ಜಾನುವಾರುಗಳಿಗೆ 12 ವರ್ಷ ಮೀರಿದ್ದರೆ ಅಥವಾ ಅವು ದುಡಿಮೆಗೆ ಅಸಮರ್ಥವಾಗಿದ್ದರೆ ಅಧಿಕಾರಿಯ ಪ್ರಮಾಣಪತ್ರದ ಮೇಲೆ ಅವಕಾಶವಿತ್ತು. 48ನೇ ವಿಧಿಯ ಆಶಯಕ್ಕೂ ರೈತನ ಆರ್ಥಿಕ ಸ್ಥಿತಿಗೂ ನಡುವೆ ಹೊಂದಾಣಿಕೆ ಹುಡುಕಿದ ಕಾಯ್ದೆ ಇದು. ಐದು ದಶಕಗಳಿಗೂ ಹೆಚ್ಚು ಕಾಲ ಇದೇ ಕಾನೂನು ರಾಜ್ಯದಲ್ಲಿತ್ತು.

ಪಾನನಿಷೇಧದ ವಿಷಯದಲ್ಲಿ ಮಾತ್ರ ಹಾದಿ ತಿರುಗಿತು. ಏಕೀಕರಣವಾದಾಗ ಮುಂಬಯಿ ಮತ್ತು ಮದರಾಸು ಭಾಗದ ಜಿಲ್ಲೆಗಳಲ್ಲಿ ಪಾನನಿಷೇಧ ಇತ್ತು, ಹೈದರಾಬಾದ್ ಭಾಗದ ಗುಲಬರ್ಗಾ, ಬೀದರ್, ರಾಯಚೂರುಗಳಲ್ಲಿ ಇರಲಿಲ್ಲ, ಹಳೆಯ ಮೈಸೂರಿನ ಕೆಲವು ಜಿಲ್ಲೆಗಳಲ್ಲಷ್ಟೇ ಇತ್ತು. ಒಂದು ಜಿಲ್ಲೆಯಲ್ಲಿ ನಿಷೇಧ, ಪಕ್ಕದ ಜಿಲ್ಲೆಯಲ್ಲಿ ಅಂಗಡಿ. ಕಳ್ಳಭಟ್ಟಿ ಬೆಳೆಯಿತು, ಪೊಲೀಸರ ಹೊರೆ ಹೆಚ್ಚಿತು, ಬೊಕ್ಕಸಕ್ಕೆ ಬರುವ ಹಣ ನಿಂತಿತು. ಶಾಲೆ, ಆಸ್ಪತ್ರೆ, ಅಣೆಕಟ್ಟುಗಳಿಗೆ ಹಣ ಬೇಕೆಂಬ ಒತ್ತಡ ಇನ್ನೊಂದು ಕಡೆ. 1965ರಲ್ಲಿ ಅಬಕಾರಿ ಕಾಯ್ದೆ ಅಂಗೀಕಾರವಾಯಿತು. 1967ರಲ್ಲಿ ರಾಜ್ಯದಲ್ಲಿ ಪಾನನಿಷೇಧವನ್ನು ಸಡಿಲಿಸಲಾಯಿತು. ರಾಮಕೃಷ್ಣ ಹೆಗಡೆಯವರು ಆ ಸಂಪುಟದ ಪ್ರಮುಖ ಸಚಿವರು, ನಿಜಲಿಂಗಪ್ಪನವರು ಮುಖ್ಯಮಂತ್ರಿ.

ತುರುವನೂರಿನಲ್ಲಿ ಈಚಲು ಮರ ಕಡಿದು ಸೆರೆಮನೆಗೆ ಹೋದ ಗಾಂಧೀವಾದಿಯ ಸರ್ಕಾರವೇ ಈ ನಿರ್ಧಾರ ತೆಗೆದುಕೊಂಡಿತು. ಇದನ್ನು ಎರಡು ಬಗೆಯಲ್ಲಿ ನೋಡುವವರಿದ್ದಾರೆ. ಜನ ಪಾಲಿಸದ, ಅಧಿಕಾರಿ ಜಾರಿ ಮಾಡದ ಕಾನೂನು ಪುಸ್ತಕದಲ್ಲಿದ್ದರೆ ಕಾನೂನಿನ ಮೇಲಿನ ಗೌರವವೇ ಹೋಗುತ್ತದೆ, ಕಳ್ಳಭಟ್ಟಿ ಜೀವ ತೆಗೆಯುತ್ತದೆ ಎಂಬುದು ಒಂದು ವಾದ. ಬಡವನ ಮನೆಯ ಹಣವನ್ನು ಬೊಕ್ಕಸಕ್ಕೆ ಎಳೆದು ಅದರಿಂದಲೇ ಆಸ್ಪತ್ರೆ ಕಟ್ಟುವುದು ಸಲ್ಲದು ಎಂಬುದು ಇನ್ನೊಂದು. ಎರಡನೆಯ ವಾದಕ್ಕೆ ತುರುವನೂರೇ ಸಾಕ್ಷಿ. ಅಂದಿನಿಂದ ಇಂದಿನವರೆಗೆ ರಾಜ್ಯದ ಆಯವ್ಯಯದಲ್ಲಿ ಅಬಕಾರಿ ಆದಾಯ ದೊಡ್ಡ ಪಾಲಾಗಿಯೇ ಉಳಿದಿದೆ. ವ್ಯಸನಮುಕ್ತಿಗಾಗಿ ಶ್ರಮಿಸುವ ಎಲ್ಲ ಸಂಸ್ಥೆಗಳೂ ಎದುರಿಸುವ ಕಷ್ಟದ ಬೇರು ಇಲ್ಲಿದೆ. ನಿಜಲಿಂಗಪ್ಪನವರ ವೈಯಕ್ತಿಕ ಬದುಕಿನ ಸರಳತೆಯ ಬಗ್ಗೆ ವಿರೋಧಿಗಳಿಗೂ ಸಂಶಯವಿರಲಿಲ್ಲ. ಆದರೆ ವೈಯಕ್ತಿಕ ವ್ರತವನ್ನು ರಾಜ್ಯದ ಕಾನೂನಾಗಿ ಉಳಿಸಿಕೊಳ್ಳುವುದು ಎಷ್ಟು ಕಷ್ಟ ಎಂಬುದಕ್ಕೂ ಅವರ ಜೀವನವೇ ಉದಾಹರಣೆಯಾಯಿತು.

ಅದೇ 1967ರ ಮಾರ್ಚ್ 30ರಂದು ಶ್ರವಣಬೆಳಗೊಳದಲ್ಲಿ ಭಗವಾನ್ ಬಾಹುಬಲಿ ಸ್ವಾಮಿಯ ಮಹಾಮಸ್ತಕಾಭಿಷೇಕ ನಡೆಯಿತು. ಏಕೀಕೃತ ರಾಜ್ಯದಲ್ಲಿ ನಡೆದ ಮೊದಲ ಮಹಾಮಸ್ತಕಾಭಿಷೇಕ ಅದು. 1953ರಲ್ಲಿ ಬೆಳಗಾವಿ, ಧಾರವಾಡದ ಶ್ರಾವಕರು ಬೇರೆ ರಾಜ್ಯದಿಂದ ಬಂದಿದ್ದರೆ, 1967ರಲ್ಲಿ ಅವರು ತಮ್ಮದೇ ರಾಜ್ಯದ ಯಾತ್ರಿಕರಾಗಿದ್ದರು. ಉತ್ತರ ಕರ್ನಾಟಕದ, ದಕ್ಷಿಣ ಕನ್ನಡದ ಮತ್ತು ಹಳೆಯ ಮೈಸೂರಿನ ಜೈನ ಕುಟುಂಬಗಳು ಒಂದೇ ಆಡಳಿತದಡಿ ಬಂದದ್ದು ಏಕೀಕರಣ ನಮ್ಮ ಸಮಾಜಕ್ಕೆ ಕೊಟ್ಟ ದೊಡ್ಡ ಅನುಕೂಲ.

ರಾಷ್ಟ್ರ ರಾಜಕಾರಣ ಮತ್ತು ನಿವೃತ್ತಿ

1968ರಲ್ಲಿ ನಿಜಲಿಂಗಪ್ಪನವರು ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರಾದರು. ಮೇ ತಿಂಗಳಲ್ಲಿ ಮುಖ್ಯಮಂತ್ರಿ ಸ್ಥಾನವನ್ನು ವೀರೇಂದ್ರ ಪಾಟೀಲರಿಗೆ ಬಿಟ್ಟುಕೊಟ್ಟರು. 1969ರಲ್ಲಿ ರಾಷ್ಟ್ರಪತಿ ಚುನಾವಣೆಯ ವಿಷಯದಲ್ಲಿ ಪಕ್ಷ ಇಬ್ಭಾಗವಾಯಿತು. ಪಕ್ಷದ ಅಧಿಕೃತ ಅಭ್ಯರ್ಥಿ ನೀಲಂ ಸಂಜೀವ ರೆಡ್ಡಿಯವರು ವಿ.ವಿ. ಗಿರಿಯವರ ಎದುರು ಸೋತರು. ನವೆಂಬರ್‌ನಲ್ಲಿ ನಿಜಲಿಂಗಪ್ಪನವರ ಅಧ್ಯಕ್ಷತೆಯ ಕಾಂಗ್ರೆಸ್ ಇಂದಿರಾ ಗಾಂಧಿಯವರನ್ನು ಪಕ್ಷದಿಂದ ಹೊರಹಾಕಿತು. ಆದರೆ ಜನ ಇಂದಿರಾ ಅವರ ಜೊತೆ ನಿಂತರು. 1971ರ ಚುನಾವಣೆಯ ನಂತರ ಅವರ ಬಣದ ಬಲ ಕುಗ್ಗಿತು.

ನಂತರ ಅವರು ಸಕ್ರಿಯ ರಾಜಕಾರಣದಿಂದ ಹಿಂದೆ ಸರಿದು ಚಿತ್ರದುರ್ಗದಲ್ಲಿ ನೆಲೆಸಿದರು. ದಿನಚರಿ ಬರೆಯುವ ಅಭ್ಯಾಸ ಅವರಿಗಿತ್ತು. ಕಾಂಗ್ರೆಸ್ ವಿಭಜನೆಯನ್ನು ಅಧ್ಯಯನ ಮಾಡಿದವರು ಆ ದಿನಚರಿಯನ್ನು ಆಧಾರವಾಗಿ ಬಳಸಿಕೊಂಡಿದ್ದಾರೆ. 1999ರಲ್ಲಿ ರಾಜ್ಯ ಸರ್ಕಾರ ಅವರಿಗೆ ಕರ್ನಾಟಕ ರತ್ನ ಪ್ರಶಸ್ತಿ ನೀಡಿ ಗೌರವಿಸಿತು. 2000ದ ಆಗಸ್ಟ್‌ನಲ್ಲಿ, 97ನೇ ವಯಸ್ಸಿನಲ್ಲಿ ಅವರು ಚಿತ್ರದುರ್ಗದಲ್ಲಿ ನಿಧನರಾದರು. ಚಿತ್ರದುರ್ಗ ಸಮೀಪದ ಸೀಬಾರದಲ್ಲಿ ಅವರ ಸ್ಮಾರಕವಿದೆ.

ಇಂದಿನವರಿಗೆ ಸಂದೇಶ

ನಿಜಲಿಂಗಪ್ಪನವರ ಜೀವನದಿಂದ ಕಲಿಯಬೇಕಾದ ಮೊದಲ ಪಾಠ ಸದನದ ಮಹತ್ವ. ಸಂವಿಧಾನದಲ್ಲಿ ಬರೆದ ಆಶಯಗಳು ವಿಧೇಯಕವಾಗಿ ಸದನಕ್ಕೆ ಬಂದು, ಚರ್ಚೆಯಾಗಿ, ಕಾಯ್ದೆಯಾಗಿ, ಹಣ ಒದಗಿ, ಹಳ್ಳಿಗೆ ತಲುಪುವವರೆಗೆ ಬರಿಯ ಮಾತು. ಎರಡನೆಯದು, ಅಧಿಕಾರ ಹೋದಾಗಲೂ ಮನೆ ಸೇರದೆ ಸದಸ್ಯನಾಗಿ ಮುಂದುವರಿಯುವ ತಾಳ್ಮೆ. ಮೂರನೆಯದು, ಒಳ್ಳೆಯ ಉದ್ದೇಶದ ಕಾನೂನೂ ಜನರ ಮನಸ್ಸು ತಯಾರಾಗದಿದ್ದರೆ ನಿಲ್ಲುವುದಿಲ್ಲ ಎಂಬ ಎಚ್ಚರ. ಪ್ರಾಣಿಬಲಿ ನಿಷೇಧ ಕಾಯ್ದೆ ಉಳಿದುಕೊಂಡಿತು, ಪಾನನಿಷೇಧ ಉಳಿಯಲಿಲ್ಲ. ಮೊದಲನೆಯದರ ಹಿಂದೆ ಧರ್ಮಗುರುಗಳ ಮತ್ತು ಸಮಾಜಗಳ ನಿರಂತರ ಪ್ರಚಾರವಿದೆ. ಎರಡನೆಯದರಲ್ಲಿ ಆ ಕೆಲಸ ಇನ್ನೂ ಸಾಕಷ್ಟು ಬಾಕಿ ಇದೆ.

ವಿಧಾನಸಭೆಯ ನಡವಳಿಗಳು ಸಂಪುಟಗಳಾಗಿ ವಿಧಾನಮಂಡಲದ ಗ್ರಂಥಾಲಯದಲ್ಲಿ ದೊರೆಯುತ್ತವೆ. ಕಾನೂನು, ಇತಿಹಾಸ, ರಾಜ್ಯಶಾಸ್ತ್ರ ಓದುವ ನಮ್ಮ ಸಮಾಜದ ಯುವಕ ಯುವತಿಯರು 1957ರಿಂದ 1968ರವರೆಗಿನ ಸಂಪುಟಗಳನ್ನು ಒಮ್ಮೆ ತೆರೆದು ನೋಡಬೇಕು. ತಮ್ಮ ಊರಿನ ಪ್ರತಿನಿಧಿ ಅಂದು ಯಾವ ಪ್ರಶ್ನೆ ಕೇಳಿದರು, ಯಾವ ಶಾಲೆಗಾಗಿ, ಯಾವ ಆಸ್ಪತ್ರೆಗಾಗಿ ಮಾತನಾಡಿದರು ಎಂಬುದನ್ನು ಹುಡುಕಿ ಬರೆದಿಡಬೇಕು. ಚಳ್ಳಕೆರೆ, ಮೊಳಕಾಲ್ಮೂರು ಕಡೆ ಹೋದವರು ಬ್ರಹ್ಮಗಿರಿಯ ಬಂಡೆಯ ಬಳಿ ನಿಂತು ಅಲ್ಲಿನ ಅಕ್ಷರಗಳನ್ನು ಮಕ್ಕಳಿಗೆ ತೋರಿಸಿ ಬರಲಿ. ಹಿಂದಿರುಗುವಾಗ ಚಿತ್ರದುರ್ಗದ ದಾರಿಯಲ್ಲಿ ಸೀಬಾರದ ಸ್ಮಾರಕಕ್ಕೂ ಒಂದು ಭೇಟಿ ಕೊಡಬಹುದು.